ಬಿತ್ತಿದ ಕೈ

ಫೆಬ್ರವರಿ 3

ನನ್ನ ಸೂಜಿಮೆಣಸಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಎರಡನೇ ಮಾತಿಗೇ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವ ಮೊದಲು ಒಮ್ಮೆ ಓದಿಬಿಡು.

ಅಮ್ಮ ಹೋಗಿ ಐದು ವಾರವಾಯಿತು. ನೀನು ಯಾಕೆ ಬರಲಿಲ್ಲ ಎಂದು ಕೇಳಲು ಬರೆಯುತ್ತಿಲ್ಲ. ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬರುತ್ತದೆ, ನುಂಗಿಕೊಳ್ಳುತ್ತಿದ್ದೇನೆ. ಬರೆಯುತ್ತಿರುವುದು ತಾರಸಿಯ ವಿಷಯಕ್ಕೆ. ಮೂರನೇ ಮಹಡಿಯ ಡ್ರಿಲ್ ಮೇಷ್ಟ್ರು ಈಗ ಕಟ್ಟಡದ ಕಾರ್ಯದರ್ಶಿ. ರಿಟೈರ್ ಆಗಿ ಒಂಬತ್ತು ವರ್ಷವಾದರೂ ಕೊರಳಿನ ಸೀಟಿ ಬಿಚ್ಚಿಲ್ಲ. ಮೊನ್ನೆ ಮೆಟ್ಟಿಲಲ್ಲೇ ನಿಲ್ಲಿಸಿ, "ನೋಡಮ್ಮ, ಮೇ ತಿಂಗಳ ಕೊನೆ ಒಳಗೆ ಮೇಲಿನ ತೊಟ್ಟಿಗಳೆಲ್ಲ ಖಾಲಿ ಆಗ್ಬೇಕು. ಮಳೆಗೆ ಮುಂಚೆ ಡಾಂಬರು ಹಾಕಿಸ್ಬೇಕು, ನನ್ನ ಮಂಚದ ಮೇಲೇ ಸೋರ್ತಿದೆ" ಎಂದರು. ನಮ್ಮದು ಐದನೇ ಮಹಡಿ, ಸೋರಿದರೆ ಮೊದಲು ನಮಗೇ ಸೋರಬೇಕು. ನೀರು ಹೇಗೆ ನಮ್ಮನ್ನು ಬಿಟ್ಟು ಅವರ ಮಂಚ ಹುಡುಕಿಕೊಂಡು ಹೋಯಿತೋ ತಿಳಿಯದು.

ನನ್ನ ತೊಟ್ಟಿಗಳ ಚಿಂತೆಯಿಲ್ಲ. ಗುರುತಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿದ ನಾಲ್ಕರಲ್ಲಿ ಕೊತ್ತಂಬರಿ, ಬೀನ್ಸ್ ಎರಡೂ ಮುಗಿಯುತ್ತ ಬಂದಿವೆ. ಚಿಂತೆ ಅಮ್ಮನ ಹಸಿರು ಪಟ್ಟಿಯದು. ನೀನು ಮನೆ ಬಿಟ್ಟ ಮೇಲೆ ಐದು ತೊಟ್ಟಿ, ಒಂದು ಡ್ರಮ್ಮು ಬಿತ್ತಿಟ್ಟು ಹೋಗಿದ್ದಾಳೆ. ಎಲ್ಲ ಕಾಯಿ ಹಿಡಿಯುತ್ತಿವೆ. ಟೊಮ್ಯಾಟೊ ಹಣ್ಣಾಗಿ ತಾನೇ ಉದುರುತ್ತಿದೆ. ನನಗೆ ಕೈ ಹಾಕಲು ಆಗುತ್ತಿಲ್ಲ. ನಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತು. "ಬಿತ್ತಿದ ಕೈನೇ ಕೀಳ್ಬೇಕು." ನಿನಗೆ ಆರು ವರ್ಷವಿದ್ದಾಗ ಅಮ್ಮ ಬಿತ್ತಿದ ಟೊಮ್ಯಾಟೊ ಕಿತ್ತು ಕಚ್ಚಿದ್ದೆ. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಕಚ್ಚಿದ ಹಣ್ಣನ್ನು ನಿನ್ನ ಕೈಯಿಂದಲೇ ಅದೇ ಟೊಂಗೆಗೆ ದಾರದಲ್ಲಿ ಕಟ್ಟಿಸಿದಳು. ಅದು ಅಲ್ಲೇ ಕೊಳೆತು ನೊಣ ಮುತ್ತುವವರೆಗೆ ಬಿಚ್ಚಲು ಬಿಡಲಿಲ್ಲ.

ಮೆಟ್ಟಿಲಲ್ಲಿ ಬಿದ್ದು ಹಾಸಿಗೆ ಹಿಡಿದ ಆ ಕೊನೆಯ ವಾರದಲ್ಲೂ ನನ್ನ ಕೈ ಹಿಡಿದು ಅದನ್ನೇ ಹೇಳಿದಳು. "ಹಸಿರು ಪಟ್ಟೀದು ಮುಟ್ಬೇಡ. ಬಿತ್ತಿದೋರು ಎಲ್ಲಿದ್ರೂ ಕೀಳೋಕೆ ಬಂದೇ ಬರ್ತಾರೆ." ಸಾಯುವವಳು ಹಾಗೆ ಹೇಳಿದರೆ ಏನೆಂದು ತಿಳಿಯಬೇಕು ಹೇಳು. ನನಗೆ ಹೆದರಿಕೆಯಾಗುತ್ತಿದೆ. ಏನು ಮಾಡಲಿ, ನೀನೇ ಬರೆ.

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕನಿಗೆ,

ಕಾಗದ ಬಂತು. ಎಲ್ಲವನ್ನೂ ಕಿತ್ತು ಬಿಸಾಡು. ಸತ್ತವರ ಬದನೆಗಿಡಕ್ಕೆ ಕಾವಲು ಕೂರಲು ನಿನಗೆ ಬೇರೆ ಕೆಲಸವಿಲ್ಲವೇ? ಅಂಗಡಿಯಲ್ಲಿ ಹೊಲಿಗೆ ಮುಗಿಯಿತೇ?

ನಾನು ಚೆನ್ನಾಗಿದ್ದೇನೆ. ಇಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಯಂತ್ರಗಳೇ ಒಗೆಯುತ್ತವೆ, ನಾವು ಹನ್ನೆರಡು ಜನ ತುಂಬುವುದು, ತೆಗೆಯುವುದು, ಹಬೆಯಲ್ಲಿ ಇಸ್ತ್ರಿ ಹಾಕುವುದು. ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆ ಒಬ್ಬಳು ನರ್ಸ್ ಇದ್ದಾಳೆ, ಒಳ್ಳೆಯವಳು, ಗೊರಕೆ ಹೊಡೆಯುತ್ತಾಳೆ. ಕಿಟಕಿ ತೆರೆದರೆ ಎದುರು ಗೋಡೆ. ಮಣ್ಣು ಎಂಬುದು ಕಣ್ಣಿಗೂ ಬೀಳುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ ಎಂದಿದ್ದೀಯ. ಆ ಮಾತಿಗೆ ನಿಲ್ಲು.

ಕುಂಬಳದ ಬಳ್ಳಿ ನೀರಿನ ಟ್ಯಾಂಕಿನ ಪೈಪು ಹಿಡಿಯಿತೇ? ಹಿಡಿಯದಿದ್ದರೆ ಒಂದು ಕೋಲು ಕೊಡಬೇಕು. ಹೇಗೂ ಕೀಳುತ್ತೀಯಲ್ಲ, ಬಿಡು.

ನಿನ್ನ ತಂಗಿ


ಮಾರ್ಚ್ 6

ಸೂಜಿಮೆಣಸೇ,

ಕಿತ್ತಿಲ್ಲ. ಈಗಂತೂ ಕೀಳಲು ಧೈರ್ಯವೇ ಇಲ್ಲ. ಯಾಕೆಂದರೆ ಬೇರೆ ಯಾರೋ ಕೀಳುತ್ತಿದ್ದಾರೆ.

ಹದಿನೈದು ದಿನದಿಂದ ನಡೆಯುತ್ತಿದೆ. ಬೆಳಗ್ಗೆ ನೀರು ಹಾಕಲು ಹೋದರೆ ಅಮ್ಮನ ಬುಟ್ಟಿ ಬಾಗಿಲ ಪಕ್ಕದಲ್ಲಿ ಇರುತ್ತದೆ. ಒಳಗೆ ನಾಲ್ಕು ಟೊಮ್ಯಾಟೊ, ಎರಡು ಬದನೆ, ಒಂದು ಹಿಡಿ ಮೆಣಸಿನಕಾಯಿ. ಎಲ್ಲ ಹಸಿರು ಪಟ್ಟಿಯವು. ನನ್ನ ಕೆಂಪು ಪಟ್ಟಿಯ ಒಂದು ಎಲೆಯನ್ನೂ ಮುಟ್ಟಿಲ್ಲ. ಕಾಯಿಗಳನ್ನು ಎರಡು ಬೆರಳುದ್ದ ತೊಟ್ಟು ಬಿಟ್ಟು ಓರೆಯಾಗಿ ಕತ್ತರಿಸಿದ್ದಾರೆ, ನಮಗೆ ಅಮ್ಮ ಹೇಳಿಕೊಟ್ಟ ಹಾಗೆ. ಕಳ್ಳರಾದರೆ ಒಯ್ಯಬೇಕಲ್ಲವೇ? ಕಿತ್ತು ಜೋಡಿಸಿಟ್ಟು ಬರಿಗೈಯಲ್ಲಿ ಹೋಗುವ ಕಳ್ಳನನ್ನು ನಾನು ಕೇಳಿಲ್ಲ.

ಮೊದಲು ಮೇಷ್ಟ್ರ ಮೇಲೆ ಅನುಮಾನ ಬಂತು. ಕೇಳಿದ್ದಕ್ಕೆ, "ನನಗೆ ಮಂಡಿನೋವು, ಮೂರನೇ ಮಹಡಿಗೇ ಏದುಸಿರು, ನಿಮ್ಮ ಬದನೆಕಾಯಿಗೆ ಐದು ಹತ್ಲಾ?" ಎಂದು ರೇಗಿದರು. ನಸುಕಿನಿಂದಲೇ ಎರಡನೇ ಮಹಡಿಯ ಮೆಟ್ಟಿಲ ಮೇಲೇ ಕೂತಿರುವ ಅಜ್ಜಿ ಇದ್ದಾರಲ್ಲ, ಅವರ ಕಣ್ಣು ತಪ್ಪಿಸಿ ಬೆಕ್ಕೂ ಹೋಗುವುದಿಲ್ಲ. ಅವರು ಯಾರನ್ನೂ ಕಂಡಿಲ್ಲ. ನಾನು ತಾರಸಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದೆ. ಬೆಳಗ್ಗೆ ಬೀಗ ಹಾಗೇ ಇತ್ತು. ಬುಟ್ಟಿ ತುಂಬಿತ್ತು.

ಬಂದೇ ಬರ್ತಾರೆ ಎಂದಿದ್ದಳಲ್ಲ. ಅಮ್ಮನೇ ಎಂದುಕೊಂಡು ಆ ತರಕಾರಿ ಬೇಯಿಸಲೂ ಆಗದೆ, ಎಸೆಯಲೂ ಆಗದೆ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದೇನೆ.

ಇನ್ನೊಂದು ಮಾತು. ಡ್ರಮ್ಮಿನಲ್ಲಿ ಇರುವುದು ಕುಂಬಳ ಎಂದು ನಾನು ಬರೆದಿರಲಿಲ್ಲ. ಅಮ್ಮ ಅದನ್ನು ಬಿತ್ತಿದ್ದು ನೀನು ಹೋದ ಮೇಲೆ. ನಿನಗೆ ಹೇಗೆ ಗೊತ್ತಾಯಿತು?

ನಿನ್ನ ಅಕ್ಕ


ಮಾರ್ಚ್ 19

ಅಕ್ಕಾ,

ಒಬ್ಬಳೇ ಇದ್ದು ಇದ್ದು ನಿನಗೆ ತಲೆ ಕೆಟ್ಟಿದೆ ಎಂದು ಬರೆಯಲು ಕೂತೆ. ಹಾಗೆ ಬರೆದ ಕಾಗದ ಹರಿದುಹಾಕಿದ್ದೇನೆ. ಇದು ಎರಡನೆಯದು.

ನೀನು ಕಳ್ಳ ಎಂದು ಬರೆದದ್ದನ್ನು ಓದಿ ನಾನು ನನ್ನ ಕೈ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಟೊಮ್ಯಾಟೊ ಗಿಡ ಮುಟ್ಟಿದರೆ ಬೆರಳಿಗೆ ಹತ್ತುವ ಆ ಹಳದಿ ಹಸಿರು ಬಣ್ಣ ನಿನಗೆ ನೆನಪಿದೆಯಲ್ಲ? ಸೋಪು ಹಚ್ಚಿದರೆ ನೀರು ಹಸಿರಾಗಿ ಇಳಿಯುವುದು? ಒಂದು ತಿಂಗಳಿಂದ ಬೆಳಗ್ಗೆ ಮುಖ ತೊಳೆಯುವಾಗ ನನ್ನ ಕೈಯಿಂದ ಅದು ಇಳಿಯುತ್ತಿದೆ. ವಾಸನೆಯೂ ಅದೇ. ದಿನಕ್ಕೆ ಒಂಬತ್ತು ಗಂಟೆ ಬಿಸಿನೀರು, ಸೋಡಾದಲ್ಲಿ ಇರುವ ಕೈ ನನ್ನದು. ಈ ಊರಿನಲ್ಲಿ ಇದಕ್ಕಿಂತ ಶುಭ್ರವಾದ ಕೈ ಇರಲಾರದು. ಉಗುರಿನ ಸಂದಿಯಲ್ಲಿ ಮಣ್ಣು ಎಲ್ಲಿಂದ ಬರುತ್ತದೆ?

ಕೆಲಸಕ್ಕೆ ಬಂದ ಗುರುತಿಗೆ ಬಾಗಿಲಲ್ಲಿ ಹೆಬ್ಬೆರಳು ಒತ್ತುವ ಯಂತ್ರವಿದೆ. ಅದು ನನ್ನ ಬೆರಳನ್ನು ಗುರುತಿಸುತ್ತಿಲ್ಲ. ಮೇಲ್ವಿಚಾರಕಿ, "ಸೋಡಾಕ್ಕೆ ಗೆರೆ ಸವೆದಿರುತ್ತೆ, ಎಲ್ಲರಿಗೂ ಆಗುತ್ತೆ" ಎಂದಳು. ಎಲ್ಲರಿಗೂ ಆಗಿಲ್ಲ, ನನಗೊಬ್ಬಳಿಗೇ ಆಗಿರುವುದು.

ನರ್ಸ್ ಹೇಳಿದ್ದನ್ನೂ ಬರೆದುಬಿಡುತ್ತೇನೆ. "ಬೆಳಗಾಗೋ ಹೊತ್ತಿಗೆ ಎಲ್ಲಿಗೆ ಹೋಗ್ತೀರಿ? ಐದು ಗಂಟೆಗೆ ಎದ್ದೆ, ನಿಮ್ಮ ಹಾಸಿಗೆ ಖಾಲಿ ಇತ್ತು. ಚಿಲಕ ಮಾತ್ರ ಒಳಗಿಂದ ಹಾಕಿತ್ತು" ಎಂದಳು. ನಾನು ಎಲ್ಲಿಗೂ ಹೋಗಿಲ್ಲ ಅಕ್ಕಾ. ಮಲಗಿದ್ದೆ.

ಕುಂಬಳದ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ತಂಗಿ


ಮಾರ್ಚ್ 30

ಸೂಜಿಮೆಣಸು,

ಬೇಗ ಬರೆಯುತ್ತಿದ್ದೇನೆ, ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ರಾಶಿ ಬಿದ್ದಿದೆ. ನೀನು ನನ್ನ ಬಗ್ಗೆ ಚಿಂತೆ ಮಾಡಬೇಡ. ನನಗೆ ಈಗ ಹೆದರಿಕೆಯಿಲ್ಲ. ಬೀಗ ಹಾಕುವುದನ್ನೂ ಬಿಟ್ಟಿದ್ದೇನೆ. ಮುಂಜಾನೆ ಬೆಳಕು ಬಿಡುವಾಗ ಎರಡು ಲೋಟ ಚಹಾ ಹಿಡಿದು ಮೇಲೆ ಹೋಗುತ್ತೇನೆ, ಗಾಳಿ ತಂಪಾಗಿರುತ್ತದೆ, ಹಿತವಾಗಿರುತ್ತದೆ. ತರಕಾರಿಯನ್ನೂ ಬೇಯಿಸಿ ತಿನ್ನುತ್ತಿದ್ದೇನೆ, ಬಹಳ ರುಚಿ. ಕುಂಬಳ ಒಂದೇ ಒಂದು ನಿಂತಿದೆ, ಆದರೆ ಎಂಥದ್ದು ಅಂತೀಯ, ನನ್ನ ಎರಡು ಕೈ ಸೇರಿಸಿದರೂ ಸುತ್ತು ಮುಟ್ಟುವುದಿಲ್ಲ.

ನೀನು ಸರಿಯಾಗಿ ಊಟ ಮಾಡು. ಎಷ್ಟು ತೆಳ್ಳಗಾಗಿದ್ದೀಯ, ಬೆನ್ನಿನ ಮೂಳೆ ಎಣಿಸಬಹುದು. ಕೂದಲಿಗೂ ಎಣ್ಣೆ ಕಾಣಿಸಿಲ್ಲ.

ಅಕ್ಕ


ಏಪ್ರಿಲ್ 12

ಅಕ್ಕಾ,

ನಾನು ತೆಳ್ಳಗಾಗಿದ್ದೇನೆ ಎಂದು ನಿನಗೆ ಯಾರು ಹೇಳಿದರು? ಐದು ತಿಂಗಳಿಂದ ನೀನು ನನ್ನನ್ನು ನೋಡಿಲ್ಲ. ನಾನು ಒಂದು ಫೋಟೊ ಕೂಡ ಕಳಿಸಿಲ್ಲ.

ಕಳೆದ ಸೋಮವಾರ ಎದ್ದಾಗ ನನ್ನ ತಲೆಗೆ ಎಣ್ಣೆ ಹಚ್ಚಿತ್ತು, ಎರಡು ಜಡೆ ಹೆಣೆದಿತ್ತು. ಚಿಕ್ಕ ಹುಡುಗಿಗೆ ಹಾಕುವ ಹಾಗೆ ಕಿವಿಯ ಹಿಂದಿನಿಂದ ಬಿಗಿಯಾಗಿ. ತುದಿಗೆ ಕಂದು ಬಣ್ಣದ, ಮೇಣ ಉಜ್ಜಿದ, ಗುಂಡಿಯ ತೂತು ಹೊಲಿಯುವ ಕಾಜಾ ದಾರ. ಮೂರು ಸುತ್ತು ಸುತ್ತಿ, ಗಂಟು ಹಾಕಿ, ಉಳಿದದ್ದನ್ನು ಹಲ್ಲಿನಲ್ಲಿ ಕಡಿದಿತ್ತು. ಪ್ರಪಂಚದಲ್ಲಿ ಕತ್ತರಿ ಪಕ್ಕದಲ್ಲಿಟ್ಟುಕೊಂಡೂ ಹಲ್ಲಿನಲ್ಲಿ ದಾರ ಕಡಿಯುವ ದರ್ಜಿ ಒಬ್ಬಳೇ. ಆ ದಾರ ನನ್ನ ಮುಂದಿದೆ. ಚಿಲಕ ಒಳಗಿಂದ ಹಾಕಿತ್ತು.

ಇಲ್ಲಿ ನನಗೆ ಏನೋ ಆಗುತ್ತಿದೆ. ಬುಧವಾರ ಮೇಲ್ವಿಚಾರಕಿ ತಲೆ ಎಣಿಸಿ ಹನ್ನೊಂದು ಎಂದಳು. ನಾನು ಅವಳ ಎದುರಿಗೇ ನಿಂತಿದ್ದೆ. ಎರಡನೇ ಸಲವೂ ಹನ್ನೊಂದೇ ಬಂತು. ನಿನ್ನೆ ನರ್ಸ್ ಬಂದವಳೇ ತನ್ನ ಚೀಲವನ್ನು ನನ್ನ ಮಡಿಲ ಮೇಲೆ ಇಟ್ಟಳು, ಹಾಸಿಗೆ ಖಾಲಿಯಿದೆ ಎಂದುಕೊಂಡು. "ರೀ!" ಎಂದು ಕೂಗಿದ ಮೇಲೆ ಬೆಚ್ಚಿಬಿದ್ದು ನೋಡಿದಳು. ಪಾಪ, ಅವಳೇ ಅತ್ತಳು.

ಕುಂಬಳದ ವಿಷಯ ಈಗ ಬರೆಯಲೇಬೇಕು. ಅಮ್ಮ ಅದನ್ನು ಬಿತ್ತಲಿಲ್ಲ. ನಾನು ಬಿತ್ತಿದೆ. ಐದು ತೊಟ್ಟಿ, ಡ್ರಮ್ಮು, ಎಲ್ಲವನ್ನೂ. ಮನೆ ಬಿಡುವ ಹಿಂದಿನ ದಿನ ಅಮ್ಮ ನನ್ನನ್ನು ಮೇಲೆ ಕರೆದಳು. ಬೀಜ ಅವಳ ಬೆರಳಲ್ಲಿ ನಿಲ್ಲುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. "ನೀನೇ ಹಾಕು. ನಿಮ್ಮಕ್ಕನಿಗೆ ಹೇಳ್ಬೇಡ, ಗೊತ್ತಾದ್ರೆ ನನ್ನನ್ನ ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಾಳೆ" ಎಂದಳು. ನಾನು ಹಾಕಿದೆ, ಅವಳು ಹಸಿರು ಪಟ್ಟಿ ಕಟ್ಟಲು ಹೋದಳು. ಗಂಟು ಹಾಕಲೂ ಅವಳಿಗೆ ಆಗದೆ ಅದನ್ನೂ ನಾನೇ ಕಟ್ಟಿದೆ. ಮರುದಿನ ಕೆಲಸಕ್ಕೆ ಹೋಗುತ್ತೇನೆ ಎಂದಾಗ ನಡೆದ ಜಗಳ ನಿನಗೆ ಗೊತ್ತು. "ಆ ಮಣ್ಣೇ ನಿನಗೆ ಮಗಳು, ಅದನ್ನೇ ಸಾಕು" ಎಂದು ಬಂದೆ.

ನಾನು ಬಾಯಿ ಬಿಟ್ಟಿದ್ದರೆ ನೀನು ಡಾಕ್ಟರಿಗೆ ತೋರಿಸುತ್ತಿದ್ದೆ. ತೋರಿಸಿದ್ದರೆ ಆ ಕೈಯಲ್ಲಿ ನೀರಿನ ಡಬ್ಬ ಹಿಡಿದು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ಅವಳು ಬೀಳುತ್ತಿರಲಿಲ್ಲ. ನಾನು ಯಾಕೆ ಬರಲಿಲ್ಲ ಎಂದರೆ ಇದಕ್ಕೇ. ಯಾವ ಮುಖ ಹೊತ್ತು ನಿನ್ನ ಎದುರು ನಿಲ್ಲಲಿ?

ಈಗ ನೀನು ಹೇಳು. ಎರಡನೇ ಲೋಟದ ಚಹಾ ಯಾರು ಕುಡಿಯುತ್ತಾರೆ?

ನಿನ್ನ ಸೂಜಿಮೆಣಸು


ಏಪ್ರಿಲ್ 20

ನನ್ನ ಸೂಜಿಮೆಣಸೇ,

ಮೊದಲು ಅಮ್ಮನ ಕೈಯ ಮಾತು. ಹೋದ ಮಳೆಗಾಲದಲ್ಲಿ ತನ್ನ ಸ್ವೆಟರಿನ ಗುಂಡಿಗಳನ್ನೆಲ್ಲ ತೆಗೆಸಿ ರೂಪಾಯಿಯಷ್ಟು ದೊಡ್ಡ ಗುಂಡಿ ಹಾಕಿಸಿಕೊಂಡಳು. ಮುಂದಿನ ತಿಂಗಳು ಅದನ್ನೂ ತೆಗೆಸಿ ಜಿಪ್ಪು. ದಿನಕ್ಕೆ ನೂರು ಕಾಜಾ ಹೊಲಿಯುವ ನಾನು, ಹೆತ್ತ ತಾಯಿಗೆ ಗುಂಡಿ ಹಾಕಲು ಬರುತ್ತಿಲ್ಲ ಎಂಬುದನ್ನು ಕಾಣದೆ ಹೋದೆ. ನೀನು ಹೇಳದೆ ಮುಚ್ಚಿಟ್ಟೆ, ನಾನು ಕಣ್ಣೆದುರಿದ್ದೂ ನೋಡಲಿಲ್ಲ. ಅದರ ಭಾರ ಇಬ್ಬರೂ ಹೊರೋಣ, ನೀನೊಬ್ಬಳೇ ಹೊರಬೇಡ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಚಹಾ ಕುಡಿಯುವುದು ನೀನು.

ಮಾರ್ಚ್ ಇಪ್ಪತ್ತೆರಡರಂದು ನಿನ್ನನ್ನು ಮೊದಲು ಕಂಡೆ. ಟ್ಯಾಂಕಿನ ಹತ್ತಿರ ನನಗೆ ಬೆನ್ನು ಹಾಕಿ ಬದನೆ ಕೀಳುತ್ತಿದ್ದೆ. ಅಮ್ಮನಲ್ಲ, ನೀನು. ಕತ್ತು ಎಡಕ್ಕೆ ವಾಲಿಸಿ ನಿಲ್ಲುವುದು ನಿನ್ನದೇ. ನಿನ್ನ ಭುಜದ ಒಳಗಿಂದ ಆಚೆಯ ಪೈಪು ಕಾಣುತ್ತಿತ್ತು. ಕೂಗಿದರೆ ತಿರುಗಲಿಲ್ಲ. ಓಡಿಬರಬೇಕಿತ್ತು, ಕಿರುಚಬೇಕಿತ್ತು. ನಾನು ಕೆಳಗೆ ಬಂದು ಚಹಾ ಮಾಡಿಕೊಂಡು ಹೋದೆ. ಲೋಟವನ್ನು ಕಟ್ಟೆಯ ಮೇಲಿಟ್ಟು ಅತ್ತ ತಿರುಗಿ ಕೂತೆ. ನೋಡುವಷ್ಟರಲ್ಲಿ ಖಾಲಿಯಾಗಿತ್ತು.

ದಿನದಿಂದ ದಿನಕ್ಕೆ ನೀನು ತುಂಬಿಕೊಳ್ಳುತ್ತಿದ್ದೀಯ. ಈಗ ಪೈಪು ಕಾಣುವುದಿಲ್ಲ. ಹೋದ ವಾರದಿಂದ ನೆರಳೂ ಬೀಳುತ್ತಿದೆ. ಮಾತು ಮಾತ್ರ ಇವತ್ತಿನವರೆಗೆ ಒಂದೂ ಆಡಿಲ್ಲ. ಮೆಟ್ಟಿಲ ಮೇಲಿನ ಅಜ್ಜಿ ನಿನ್ನೆ, "ತಂಗಿ ಬಂದಿದ್ದಾಳಂತೆ, ಒಂದು ಮಾತೂ ಆಡದೆ ಹತ್ಕೊಂಡು ಹೋದ್ಲಲ್ಲ, ಇನ್ನೂ ಸಿಟ್ಟಾ?" ಎಂದು ಕೇಳಿದರು. ಹೌದು, ಸಿಟ್ಟು ಎಂದೆ. ನಿನ್ನ ಕೂದಲು ಬಾಚಿದ್ದು ನಾನೇ. ತಣ್ಣಗಿತ್ತು, ಆದರೆ ಕೂದಲೇ.

ಡ್ರಮ್ಮಿನ ಕುಂಬಳವನ್ನು ನೀನು ಇನ್ನೂ ಮುಟ್ಟಿಲ್ಲ. ದಿನಾ ಹೋಗಿ ಅದರ ಮೇಲೆ ಕೈ ಇಟ್ಟು ನಿಲ್ಲುತ್ತೀಯ. ತೊಟ್ಟು ಒಣಗುತ್ತ ಬಂದಿದೆ, ಸಿಪ್ಪೆಗೆ ಉಗುರು ಇಳಿಯುವುದಿಲ್ಲ. ಇನ್ನು ಹದಿನೈದು ದಿನಕ್ಕೆ ಮಾಗುತ್ತದೆ. ಅದನ್ನು ಕಿತ್ತ ದಿನ ನೀನು ಪೂರ್ತಿ ಇಲ್ಲಿರುತ್ತೀಯ ಎಂದು ನನ್ನ ಮನಸ್ಸು ಹೇಳುತ್ತಿದೆ. ಅಲ್ಲಿ ಏನೂ ಉಳಿಯುವುದಿಲ್ಲ. ಅಮ್ಮ ನಿನ್ನ ಕೈಯಲ್ಲೇ ಬಿತ್ತಿಸಿದ್ದು ಕೈ ನಡುಗಿದ್ದಕ್ಕೋ, ನೀನು ಹೊರಟು ನಿಂತದ್ದು ಅವಳಿಗೆ ಮೊದಲೇ ಗೊತ್ತಾಗಿದ್ದಕ್ಕೋ, ನಾನರಿಯೆ.

ನೀನು ಅಲ್ಲಿ ಸವೆಯುತ್ತಿದ್ದೀಯ ಎಂದು ನಿನ್ನ ಮಾರ್ಚ್ ತಿಂಗಳ ಕಾಗದದಲ್ಲೇ ತಿಳಿದಿತ್ತು. ತಿಳಿದೂ ನಾನು ಮಾರನೇ ದಿನ ಎರಡು ಲೋಟ ತೊಳೆದಿಟ್ಟೆ. ಮನೆಯಲ್ಲಿ ನನ್ನ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೋ ಒಬ್ಬರು ಪಕ್ಕದಲ್ಲಿ ಕೂತರೆ ಸಾಕು ಅನ್ನಿಸಿಬಿಟ್ಟಿತು. ಕ್ಷಮಿಸು ಎನ್ನುವ ಯೋಗ್ಯತೆ ಇಲ್ಲ. ಏನು ಮಾಡಲಿ ಹೇಳು. ಮಾಗಲು ಬಿಡಲೇ?

ಅಕ್ಕ


ಏಪ್ರಿಲ್ 26

ಅಕ್ಕಾ,

ಪೆನ್ನು ಒತ್ತಿದರೂ ಅಕ್ಷರ ಮೂಡುತ್ತಿಲ್ಲ, ಸೀಸದಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಬಿಸಿಲಿಗೆ ಹಿಡಿ.

ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದ ಓದಿ ನನಗೂ ಆಸೆಯಾಯಿತು. ಇಲ್ಲಿ ಮೂರು ದಿನದಿಂದ ಯಾರೂ ನನ್ನನ್ನು ಮಾತಾಡಿಸಿಲ್ಲ. ಅಲ್ಲಿ ಬಿಸಿ ಚಹಾ ಇದೆ, ತಲೆ ಬಾಚುವವಳಿದ್ದಾಳೆ. ಬಸ್ಸು ಹತ್ತದೆ, ಮುಖ ತೋರಿಸಿ ತಲೆ ತಗ್ಗಿಸದೆ, ಸುಮ್ಮನೆ ನಿದ್ದೆಯಲ್ಲಿ ಮನೆ ಸೇರಿಬಿಡಬಹುದು.

ಆದರೆ ಒಂದು ಮಾತು ನನ್ನನ್ನು ತಡೆಯಿತು. ಅವಳು ಮಾತಾಡುವುದಿಲ್ಲ ಎಂದೆಯಲ್ಲ. ಒಂದು ತಿಂಗಳು ನಿನ್ನ ಪಕ್ಕದಲ್ಲಿ ಕೂತು ಒಂದು ಮಾತೂ ಆಡಿಲ್ಲ. ಅಕ್ಕಾ, ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಯಾವತ್ತು? ಜ್ವರದಲ್ಲಿ ಮಲಗಿದಾಗಲೂ ಗೋಡೆ ಜೊತೆ ಜಗಳವಾಡಿದವಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಅಮ್ಮ ನನ್ನನ್ನೇ ನೋಡಿ ಹೇಳುತ್ತಿದ್ದಳು. ಆ ಬಂಗಾರ ನಿನ್ನ ತಾರಸಿಯ ಮೇಲೆ ಬರುತ್ತಿದೆ, ಬೆಳ್ಳಿ ಇಲ್ಲೇ ಸವೆದುಹೋಗುತ್ತಿದೆ.

ನಿನಗೆ ಯಾರು ಬೇಕು? ಸುಮ್ಮನೆ ಚಹಾ ಕುಡಿಯುವವಳೋ, ಕಾದಾಡುವವಳೋ? ನನಗಂತೂ ನಿನ್ನ ಜೊತೆ ಇನ್ನೂ ಬೇಕಾದಷ್ಟು ಜಗಳ ಬಾಕಿ ಇದೆ. ಕಾಯಿ ನಿನ್ನ ಕೈಯಲ್ಲಿದೆ, ಕತ್ತರಿಯೂ ನಿನ್ನ ಹತ್ತಿರವೇ ಇದೆ. ನಾನು ಇಲ್ಲಿಂದ ಏನು ಮಾಡಲಿ?

ಸೂಜಿಮೆಣಸು


ಮೇ 3

ಇದ್ದೀಯಾ?

ಕಾಗದ ಕೈ ಸೇರಿದ ಕೂಡಲೇ ಬರೆ. ಒಂದು ಸಾಲಾದರೂ ಬರೆ.

ಕಿತ್ತೆ. ಇವತ್ತು ಮುಂಜಾನೆ. ನಿನ್ನ ಕಾಗದ ನಿನ್ನೆ ಸಂಜೆ ಬಂತು, ಬಿಸಿಲಿಗೆ ಹಿಡಿಯಲು ಬಿಸಿಲೇ ಇರಲಿಲ್ಲ, ದೀಪದ ಕೆಳಗೆ ಇಟ್ಟು ಓದಿದೆ. ಬೆಳಗ್ಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಹೋದೆ. ಅಭ್ಯಾಸಬಲ ನೋಡು, ಇನ್ನೊಂದು ಕೈಯಲ್ಲಿ ಚಹಾದ ಲೋಟವೂ ಇತ್ತು.

ನೀನು ಆಗಲೇ ಡ್ರಮ್ಮಿನ ಹತ್ತಿರ ಇದ್ದೆ. ಎಡಗೈಯಲ್ಲಿ ತೊಟ್ಟು ಹಿಡಿದು, ಬಲಗೈಯಲ್ಲಿ ಅಮ್ಮನ ಕುಡುಗೋಲು ಎತ್ತಿದ್ದೆ. ನಾನು ಒಂದು ಗಳಿಗೆ ನಿಂತೆ, ಅದನ್ನೂ ಮುಚ್ಚಿಡುವುದಿಲ್ಲ. ಸುಮ್ಮನಿದ್ದರೆ ಆಗಿಹೋಗುತ್ತದೆ, ನಾನು ಏನೂ ಮಾಡಬೇಕಾಗಿಲ್ಲ, ನಾಳೆಯಿಂದ ಮನೆಯಲ್ಲಿ ಇಬ್ಬರು ಎಂದುಕೊಂಡೆ. ಆಮೇಲೆ ನೀನು ಗೋಡೆ ಜೊತೆ ಜಗಳವಾಡಿದ್ದು ನೆನಪಾಗಿ ನಗು ಬಂತು. ಆ ನಗುವಿನಲ್ಲೇ ಲೋಟವನ್ನು ಕಟ್ಟೆಯ ಮೇಲಿಟ್ಟು ಓಡಿಹೋಗಿ ನಿನ್ನ ಕೈಯ ಕೆಳಗೆ ಕತ್ತರಿ ತೂರಿಸಿ ತೊಟ್ಟು ಕತ್ತರಿಸಿದೆ.

ಆಗ ಅವಳು ತಿರುಗಿದಳು. ಅವಳು ಎಂದೇ ಬರೆಯುತ್ತೇನೆ. ಮುಖ ನಿನ್ನದೇ, ಗಲ್ಲದ ಮೇಲೆ ನೀನು ಸೈಕಲ್ಲಿನಿಂದ ಬಿದ್ದ ಗುರುತೂ ಇತ್ತು. ಆದರೆ ಕಣ್ಣು ನನ್ನನ್ನು ನೋಡಲಿಲ್ಲ, ನಾನು ಕತ್ತರಿಸಿದ ಕಾಯಿಯನ್ನೇ ನೋಡಿತು. ಬಾಯಿ ತೆರೆದಳು. ಮಾತು ಬರಲಿಲ್ಲ, ಹಸಿ ಮಣ್ಣಿನ ವಾಸನೆ ಬಂತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ತಾರಸಿಯಲ್ಲಿ ನಾನೊಬ್ಬಳೇ. ಕಟ್ಟೆಯ ಮೇಲೆ ಚಹಾ ಲೋಟದ ತುಂಬ ಹಾಗೇ ಇತ್ತು.

ಹಸಿರು ಪಟ್ಟಿಯದನ್ನೆಲ್ಲ ಬೇರುಸಹಿತ ಕಿತ್ತೆ. ಜೀವಮಾನದಲ್ಲಿ ಮೊದಲ ಸಲ ಬೇರೆಯವರು ಬಿತ್ತಿದ್ದಕ್ಕೆ ಕೈ ಹಾಕಿದ್ದು, ಅಳುತ್ತಲೇ ಕಿತ್ತೆ. ಕುಂಬಳವನ್ನು ಹೋಳು ಮಾಡಿ, ಪಲ್ಯ ಬೇಯಿಸಿ ಎಲ್ಲ ಮನೆಗೂ ಹಂಚಿದೆ. "ಇಷ್ಟು ದೊಡ್ಡದಿದ್ದೂ ಸಪ್ಪೆಯಲ್ಲಮ್ಮ!" ಎಂದರು ಮೇಷ್ಟ್ರು, ಎರಡನೇ ಸಲ ಹಾಕಿಸಿಕೊಂಡು.

ನಿನಗೆ ಒಂದು ಕೋಟು ಹೊಲಿದಿದ್ದೇನೆ, ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ಬೆನ್ನಿನ ಅಳತೆ ನನಗೆ ಹೇಗೆ ಗೊತ್ತು ಎಂದು ಕೇಳಬೇಡ.

ಬರೆ. ಇದ್ದರೆ ಬರೆ.

ಅಕ್ಕ


ಮೇ 16

ಅಕ್ಕಾ,

ಇದ್ದೇನೆ! ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ನೋಡು, ಹಿಂದಿನ ಪುಟಕ್ಕೂ ಒತ್ತಿದೆ.

ಮೂರನೇ ತಾರೀಕು ಬೆಳಗ್ಗೆ ಯಾರೋ ಕಾಲು ಹಿಡಿದು ಎಳೆದ ಹಾಗಾಗಿ ಎಚ್ಚರವಾಯಿತು. ನರ್ಸಿನ ಗೊರಕೆ ಕೇಳಿಸಿತು, ಅದನ್ನು ಕೇಳಿ ಅಷ್ಟು ಸಂತೋಷಪಟ್ಟವಳು ಇನ್ನೊಬ್ಬಳಿರಲಾರಳು. ಯಂತ್ರ ನನ್ನ ಹೆಬ್ಬೆರಳಿಗೆ ಕುಂಯ್ ಎಂದಿತು. ಮೇಲ್ವಿಚಾರಕಿ, "ಹದಿನೈದು ದಿನದಿಂದ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಎಲ್ಲರೆದುರು ಬೈದಳು. ಬೈಗುಳ ಕೇಳುತ್ತ ಕೇಳುತ್ತ ನನಗೆ ಅಳು ಬಂತು. ಅಮ್ಮ ಹೋದಾಗ ಬರದ ಅಳು, ಹಬೆಯ ಕೋಣೆಯಲ್ಲಿ ಕೂತು ಇಡೀ ದಿನ ಅತ್ತೆ. ಬೈದವಳೇ ನೀರು ತಂದುಕೊಟ್ಟಳು. ಈಗ ನಾನು ಬರಬಲ್ಲೆ ಅಕ್ಕಾ. ರಜೆ ಕೇಳಿದ್ದೇನೆ, ಜುಲೈವರೆಗೆ ಕೊಡುವುದಿಲ್ಲವಂತೆ.

ಕೋಟು ಸರಿಯಾಗಿ ಕೂತಿದೆ. ಅದರ ಬಗ್ಗೆ ಒಂದು ಮಾತು ಕೇಳಬೇಕು. ಬಂದ ದಿನ ಅದನ್ನು ಕಿಟಕಿಗೆ ನೇತುಹಾಕಿದ್ದೆ. ಕಿಟಕಿಯ ಕೆಳಗೆ ಬೆಂಕಿ ಆರಿಸಲು ಇಟ್ಟಿರುವ ಮರಳಿನ ಬಕೆಟ್ಟು ಇದೆ, ಕಸ, ಮಣ್ಣು ಸೇರಿ ಕಪ್ಪಾಗಿರುವ ಮರಳು. ನಾಲ್ಕು ದಿನದ ಮೇಲೆ ನೋಡಿದರೆ ಅದರಲ್ಲಿ ಎರಡು ದಪ್ಪ ಎಲೆ. ಕುಂಬಳದ ಸಸಿ. ಕೋಟಿನ ಜೇಬು ತಡವಿದರೆ ಇನ್ನೊಂದು ಬೀಜ ಸಿಕ್ಕಿತು, ಒಂದು ಉದುರಿರಬೇಕು.

ನಾನು ಬಿತ್ತಿಲ್ಲ, ಮುಟ್ಟಿಯೂ ಇಲ್ಲ. ಜೇಬಿಗೆ ಬೀಜ ಹಾಕಿದ ಕೈ ಯಾವುದು?

ನಿನ್ನ ಸೂಜಿಮೆಣಸು


ಮೇ 28

ಸೂಜಿಮೆಣಸೇ,

ನನ್ನ ಕೈಯೇ. ಕಾಯಿ ಕೊಯ್ದಾಗ ಎರಡು ಬೀಜ ತೆಗೆದು ನಿನ್ನ ಜೇಬಿಗೆ ಹಾಕಿದೆ. ಅಮ್ಮನ ನೆನಪಿಗೆ ಇರಲಿ ಎಂದುಕೊಂಡೆ, ಆ ಹೊತ್ತಿಗೆ ಅಷ್ಟೇ ಎಂದುಕೊಂಡಿದ್ದೆ. ಈಗ ಕೇಳಿದರೆ ಆಣೆ ಮಾಡಿ ಹೇಳಲಾರೆ. ಅಮ್ಮನ ಮಗಳಲ್ಲವೇ ನಾನು.

ನಿನ್ನ ಕಾಗದ ಬರುವ ಮೊದಲೇ ನನಗೆ ಶುರುವಾಗಿತ್ತು. ಬೆಳಗ್ಗೆ ಎದ್ದರೆ ಕೈಗೆ ಆಸ್ಪತ್ರೆಯ ಸೋಪಿನ ವಾಸನೆ, ಉಗುರಲ್ಲಿ ಮರಳು. ಮೊನ್ನೆ ಗಿರಾಕಿಯೊಬ್ಬರು ಅಂಗಡಿಗೆ ಬಂದು ನನ್ನ ಎದುರಿಗೇ ನಿಂತು, "ಯಾರೂ ಇಲ್ವಾ?" ಎಂದು ಎರಡು ಸಲ ಕೂಗಿ ಹೊರಟುಹೋದರು. ನಾನು ಮಷೀನಿನ ಮುಂದೆ ಕೂತಿದ್ದೆ, ಮಷೀನು ಓಡುತ್ತಿತ್ತು. ಇವತ್ತು ಅಜ್ಜಿಯೂ ನನ್ನನ್ನು ನೋಡದೆ ಕಾಲು ಚಾಚಿದರು.

ಹೆದರಬೇಡ, ನಾನೂ ಹೆದರಿಲ್ಲ. ಆ ಸಸಿಯನ್ನು ಕೀಳಬೇಡ, ನೀರು ಹಾಕು. ಅದು ಕಾಯಿ ಹಿಡಿದು ಮಾಗಲು ಮೂರು ತಿಂಗಳಾದರೂ ಬೇಕು, ನನಗೆ ಮೂರು ದಿನ ಸಾಕು. ತಾರಸಿ ಖಾಲಿಯಾಗಿದೆ, ಇವತ್ತು ಡಾಂಬರು ಹಾಕುತ್ತಿದ್ದಾರೆ, ಮೇಷ್ಟ್ರು ಕೆಳಗಿನಿಂದಲೇ ಸೀಟಿ ಊದುತ್ತಿದ್ದಾರೆ. ಅಂಗಡಿಯ ಕೆಲಸ ಒಪ್ಪಿಸಿದ್ದೇನೆ. ನನಗಿಂತ ಮೊದಲು ನಿನ್ನ ಕೈ ಸೇರಲಿ ಎಂದು ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಭಾನುವಾರ ಬೆಳಗ್ಗೆಯ ಬಸ್ಸು, ಸಂಜೆ ಐದಕ್ಕೆ ನಿಮ್ಮ ಹಾಸ್ಟೆಲಿನ ಬಾಗಿಲಲ್ಲಿರುತ್ತೇನೆ. ಕಾಯಿ ಮಾಗುವವರೆಗೆ ಅಲ್ಲೇ ಇರುತ್ತೇನೆ. ಮಾಗಿದ ಮೇಲೆ ನನ್ನ ಕೈಯಿಂದ ನಾನೇ ಕೀಳುತ್ತೇನೆ, ಆಗ ಅಮ್ಮನ ಕಟ್ಟಳೆಯೂ ಮುರಿಯುವುದಿಲ್ಲ. ಅಲ್ಲಿಯವರೆಗೆ ಬಾಕಿ ಜಗಳ ಎಷ್ಟಿದೆಯೋ ಅಷ್ಟನ್ನೂ ಆಡಿಬಿಡೋಣ.

ಒಂದೇ ಒಂದು ಎಚ್ಚರ. ನಾನು ಬಂದಾಗ ಬಾಗಿಲು ತಟ್ಟುತ್ತೇನೆ, ನಿನ್ನನ್ನು ಕೂಗುತ್ತೇನೆ, ತೆರೆದ ಕೂಡಲೇ ಎಷ್ಟು ಇಳಿದುಹೋಗಿದ್ದೀಯ ಎಂದು ಬೈಯುತ್ತೇನೆ. ಅದಕ್ಕೆ ಮುಂಚೆ, ಮುಂಜಾನೆ ಹೊತ್ತಿನಲ್ಲಿ, ಕಿಟಕಿಯ ಹತ್ತಿರ ನಿನಗೆ ಬೆನ್ನು ಹಾಕಿ ಯಾರಾದರೂ ನಿಂತಿರುವುದು ಕಂಡರೆ, ಎಷ್ಟೇ ನನ್ನ ಹಾಗೆ ಕಂಡರೂ, ಚಹಾ ಕೊಡಬೇಡ.

ನಿನ್ನ ಅಕ್ಕ